ಹಂಪೆಯ ಬಂಡೆಗಳ ನಡುವಿನಿಂದ ಅಕ್ಕನಿಗೆ

  

ಹೊರಡುವಾಗ ನೀನು ಆಡಿದ ಆಕ್ಷೇಪಕ್ಕೆ ಈ ಕಾಗದದಲ್ಲಿಯೇ ಉತ್ತರ ಬರೆಯುವೆನೆಂದು ಕುಳಿತಿರುವೆನು. ಬೇಲೂರಿನ ಮದನಿಕೆಯರ ನೆರೆಯಲ್ಲಿ ಸಂಸಾರ ಮಾಡುತ್ತಿರುವ ನಿನಗೆ ಹಂಪೆಯ ಶಿಲ್ಪವು ಒರಟಾಗಿ ತೋರಿದುದು ಸಹಜವೇ. ಆದರೆ ಶಿಲ್ಪಿಯ ಕೈಯನ್ನು ಅಳೆಯುವ ಮುನ್ನ ಆ ಕೈಗೆ ದೊರೆತ ಕಲ್ಲು ಎಂತಹುದೆಂಬುದನ್ನು ವಿಚಾರಿಸುವುದು ನ್ಯಾಯವಲ್ಲವೆ? ನಿಮ್ಮ ಕಡೆಯ ಬಳಪದ ಕಲ್ಲು, ಗಣಿಯಿಂದ ತೆಗೆದ ಹೊಸತರಲ್ಲಿ ಉಳಿಗೆ ಮಣಿದು, ಗಾಳಿಗೆ ಮೈಯೊಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುವ ಸಾಧುಶಿಲೆ. ಇಲ್ಲಿಯದು ಕಣಶಿಲೆ; ಬೆಣಚು, ತಿಳಿಗೆಂಪಿನ ಫೆಲ್ಡ್‌ಸ್ಪಾರ್, ಅಲ್ಲಲ್ಲಿ ಮಿನುಗುವ ಅಭ್ರಕ, ಇವು ಹರಳುಹರಳಾಗಿ ಒಂದನ್ನೊಂದು ಕಚ್ಚಿಕೊಂಡಿರುವ ಹಠಮಾರಿ. ಸುಮಾರು 250 ಕೋಟಿ ವರ್ಷಗಳ ಹಿಂದೆ, ಭೂಮಿಯ ಮೇಲ್ಮೈಗೆ ಮೈಲಿಗಟ್ಟಲೆ ಕೆಳಗೆ, ಶಿಲಾರಸವು ಅತಿ ಸಾವಕಾಶವಾಗಿ ಆರಿದುದರಿಂದಲೇ ಆ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ಬೆಳೆದಿವೆ. ಬೆಂಗಳೂರಿನ ದಾರಿಯಲ್ಲಿ ನೀನು ಕಂಡಿರುವ ರಾಮನಗರದ ಬೆಟ್ಟಗಳೂ ಇದೇ ಶಿಲಾಪಂಕ್ತಿಯವು. ಆ ಊರಿನ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಈ ಕಣಶಿಲೆಯನ್ನು ಇಂದಿಗೂ ಗುರುತಿಸುವರು.

ವಾಲಿಸುಗ್ರೀವರು ಕಾದುವಾಗ ಒಬ್ಬರ ಮೇಲೊಬ್ಬರು ಎಸೆದ ಗುಂಡುಗಳಿವೆಂದು ಇಲ್ಲಿಯ ಜನ ಹೇಳುವರು, ಮತ್ತು ಮಾತಂಗ ಪರ್ವತದ ನೆತ್ತಿಯಿಂದ ಒಮ್ಮೆ ಸುತ್ತ ನೋಡಿದವನು ಆ ಕಥೆ ಕಟ್ಟಿದವರನ್ನು ಆಕ್ಷೇಪಿಸಲಾರನು. ಆದರೂ ಇವು ಎಲ್ಲಿಂದಲೋ ಹಾರಿ ಬಂದವಲ್ಲ. ಬಹುಪಾಲು ಹುಟ್ಟಿದೆಡೆಯಲ್ಲಿಯೇ ನಿಂತಿವೆ. ಮೇಲಿನ ಹೊರೆಯು ಸವೆದಂತೆಲ್ಲ ಹೆಬ್ಬಂಡೆಯು ಅಡ್ಡಕ್ಕೂ ಉದ್ದಕ್ಕೂ ಸೀಳಿತು. ಸೀಳುಗಳಲ್ಲಿ ಇಳಿದ ಮಳೆನೀರು, ಬಂಡೆಯಿನ್ನೂ ನೆಲದೊಳಗಿರುವಾಗಲೇ, ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸುತ್ತ ಬಂದಿತು. ಥಂಡಿ ತಗುಲಿದ ಅಚ್ಚುಬೆಲ್ಲವು ಮೂಲೆಗಳಲ್ಲಿ ಮೊದಲು ಕರಗುವುದನ್ನು ನೀನು ಕಂಡಿರುವೆಯಷ್ಟೆ; ಅಂತೆಯೇ ಇಲ್ಲಿಯೂ ಮೂರು ಮಗ್ಗುಲಿಂದ ನೀರು ಮುತ್ತಿದ ಮೂಲೆಗಳು ಮೊದಲು ನಶಿಸಿ, ಬಳಿಕ ಮಣ್ಣೆಲ್ಲ ಕೊಚ್ಚಿಹೋಗಲು, ಗಟ್ಟಿಯಾದ ತಿರುಳಷ್ಟೇ ಗುಂಡಾಗಿ ಒಂದರ ಮೇಲೊಂದು ಉಳಿಯಿತು. ತುಂಗಭದ್ರೆಯೂ ಈ ಸೀಳುಗಳ ದಾಕ್ಷಿಣ್ಯಕ್ಕೆ ಒಳಗಾಗಿಯೇ ಬಾಗಿಬಳುಕಿ ನಡೆಯುವಳು. ವಿಜಯನಗರದ ಅರಸರ ತುರ್ತು ಕಾಲುವೆಯು ಸಾಲುಗುಡ್ಡಗಳ ನಡುವಣ ಕಣಿವೆಯನ್ನು ಹಿಡಿದು ಹರಿದು ಇಂದಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿದೆ.

ಕಲ್ಲುಕುಟಿಗನು ಅನುಸರಿಸಿದುದೂ ಸೀಳನ್ನೇ. ಅವನು ಸಾಲಾಗಿ ಕೊರೆದ ಚೌಕ ಕುಳಿಗಳನ್ನು ಎಷ್ಟೋ ಬಂಡೆಗಳ ಮೇಲೆ ಈಗಲೂ ಕಾಣಬಹುದು. ಅವುಗಳಲ್ಲಿ ಒಣಮರದ ಬೆಣೆಗಳನ್ನು ಬಡಿದು ನೀರೆರೆದರೆ, ಮರವು ಉಬ್ಬಿ, ಬಂಡೆಯು ಬಿರಿಯುತ್ತಿದ್ದಿತಂತೆ. ಹಾಗೆ ಬಿರಿದ ಕಲ್ಲು ತಾನಾಗಿಯೇ ಕಂಬ, ತೊಲೆ, ಚಪ್ಪಡಿಗಳ ಆಕಾರವನ್ನು ತಾಳುವುದು; ಹಂಪೆಯ ಉದ್ದುದ್ದ ಮಂಟಪಗಳ ಮರ್ಮವು ಅರ್ಧಪಾಲು ಇಲ್ಲಿಯೇ ಇರುವುದೆಂದು ನನ್ನ ಮತ. ಕುಸುರಿಯ ಕೆಲಸ ಬೇಕಾದೆಡೆ ಅವರು ಕಣಶಿಲೆಯೊಡನೆ ವ್ಯರ್ಥವಾಗಿ ಗುದ್ದಾಡಲಿಲ್ಲ. ಗೋಪುರಗಳ ಮೇಲ್ಭಾಗಕ್ಕೆ ಇಟ್ಟಿಗೆ ಗಾರೆಗಳನ್ನೂ, ಹಜಾರರಾಮನ ಗುಡಿಯ ನಯವಾದ ನಾಲ್ಕು ಕಂಬಗಳಿಗೆ ಬೇರೆಯ ಕರಿಶಿಲೆಯನ್ನೂ ಆರಿಸಿಕೊಂಡರು. ಇನ್ನು, ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಇದ್ದೆಡೆಯ ಬಂಡೆಯಲ್ಲಿಯೇ ಕಡೆದ ಆ 22 ಅಡಿಯ ನರಸಿಂಹನ ಮುಂದೆ ನಿಂತಾಗ, ಮದನಿಕೆಯ ಬೆರಳಿನ ಉಂಗುರವನ್ನು ದಯವಿಟ್ಟು ನೆನೆಯಬೇಡ. ಆತನ ತೊಡೆಯ ಮೇಲಿದ್ದ ಲಕ್ಷ್ಮಿಯು ಭಗ್ನಳಾದ ಮೇಲೂ ಕುಂದದಿರುವ ಆ ಗಾಂಭೀರ್ಯಕ್ಕೆ ಬಳಪದ ಕಲ್ಲಿನ ನವುರು ಒಪ್ಪುತ್ತಿರಲಿಲ್ಲ.

ನಾಳೆ ಸಂಡೂರಿಗೆ ಹೊರಡುವೆನು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ ಗ್ರಂಥವನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್‌ರ ಹಾದಿಯಲ್ಲಿ ಅಲ್ಲಿಯ ಕಬ್ಬಿಣದ ಬೆಟ್ಟಗಳನ್ನು ನೋಡುವ ಆಸೆ. ಅವು ಈ ಕಣಶಿಲೆಗಿಂತಲೂ ಹಿರಿಯವು, ಪ್ರಾಚೀನ ಸಮುದ್ರದ ತಳದಲ್ಲಿ ಪದರಪದರವಾಗಿ ನೆಲೆಗೊಂಡವು. ಅಲ್ಲಿಯ ಕೆಂಧೂಳಿ ಪಂಚೆಗೆ ಹಿಡಿದರೆ ಎಷ್ಟು ಒಗೆದರೂ ಬಿಡದೆಂದು ಹೇಳುವುದರಿಂದ, ನೀನು ಕೊಟ್ಟ ಹೊಸ ಪಂಚೆಯನ್ನು ಪೆಟ್ಟಿಗೆಯಲ್ಲಿಯೇ ಇಟ್ಟಿರುವೆನು. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇತಿ ನಿನ್ನ ತಮ್ಮ