ಅರ್ಪಿಸಿದ ತುತ್ತು

ನಮ್ಮ ಯಜಮಾನರ ಸರ್ಕಾರಿ ನೌಕರಿಯ ನಿಮಿತ್ತ ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ಊರುಗಳಲ್ಲಿ ಹದಿಮೂರು ವರ್ಷ ಸಂಸಾರ ನಡೆಸಿದವಳು ನಾನು. ಬ್ಯಾಡಗಿ ಸೀಮೆಯ ಜೋಳದ ರೊಟ್ಟಿಯ ಮನೆಯಿಂದ ಹೋದವಳಿಗೆ ಕರಾವಳಿಯ ಕುಚ್ಚಲಕ್ಕಿ ಗಂಜಿ ಒಗ್ಗಲು ಎರಡು ಮಳೆಗಾಲ ಹಿಡಿಯಿತು. ಪಾವು-ಭಾಜಿ ಮಾತ್ರ ಒಂದೇ ದಿನದಲ್ಲಿ ಒಗ್ಗಿತು. ಕುಮಟಾದಲ್ಲಿ ನಮ್ಮ ನೆರೆಮನೆಯ ತಾಯಿ ಹತ್ತು ವರ್ಷ ಮುಂಬಯಿಯಲ್ಲಿದ್ದು ಬಂದವರು. ಅದನ್ನು ನನಗೆ ಕಲಿಸಿದವರು ಅವರೇ. ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರು ಬೇಗ ಉಂಡು ಹೋಗಲೆಂದು ಹುಟ್ಟಿಕೊಂಡ ತಿನಿಸಂತೆ ಅದು.

ಮಾಡುವ ಕ್ರಮ ಕಠಿಣವೇನಲ್ಲ. ಅರ್ಧ ಕಿಲೋ ಬಟಾಟೆ, ಕಾಲು ಕಿಲೋ ಹೂಕೋಸು, ರಾತ್ರಿ ನೆನೆಸಿಟ್ಟ ಒಂದು ಹಿಡಿ ವಟಾಣಿ ಬೇಯಿಸಿಕೊಳ್ಳಬೇಕು. ಬೆಣ್ಣೆಯಲ್ಲಿ ಈರುಳ್ಳಿ, ಜಜ್ಜಿದ ಶುಂಠಿ-ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿಗಳನ್ನು ಬಾಡಿಸಿ ಅರ್ಧ ಕಿಲೋ ಟೊಮೆಟೊ ಹಾಕಿ, ಅಂಚಿನಲ್ಲಿ ಜಿಡ್ಡು ಬಿಡುವ ತನಕ ಕುದಿಸಬೇಕು. ಇಲ್ಲಿ ಅವಸರಪಟ್ಟರೆ ಹಸಿ ಹುಳಿ ಕೊನೆಯವರೆಗೂ ಕಾಡುತ್ತದೆ. ಆಮೇಲೆ ಬೆಂದ ತರಕಾರಿ, ಖಾರದ ಪುಡಿ, ಮಸಾಲೆ ಸೇರಿಸಿ ಚೆನ್ನಾಗಿ ಹಿಸುಕುವುದು. ಮೇಲೆ ಹಸಿ ಈರುಳ್ಳಿ, ಲಿಂಬೆರಸ. ಬೇಸಿಗೆಯಾದರೆ ಆ ಈರುಳ್ಳಿ ಕುಮಟಾದ್ದೇ ಆಗಬೇಕೆಂಬುದು ನನ್ನ ಹಟ. ಅಳ್ವೇಕೋಡಿ, ಹಂದಿಗೋಣದ ಬಳಿ ಹೆದ್ದಾರಿಯ ಪಕ್ಕದಲ್ಲಿ ಜಡೆ ಹೆಣೆದಂತೆ ಕಟ್ಟಿ ತೂಗುಹಾಕುವ ಆ ತಿಳಿಗೆಂಪು ಗಡ್ಡೆಗಳನ್ನು ಹಸಿಯಾಗಿ ತಿಂದರೂ ಸಿಹಿ. ಇನ್ನು ಭಾಜಿಯ ಬಣ್ಣಕ್ಕೆ ಅಂಗಡಿಯ ಕೆಂಪು ಪುಡಿ ನನಗೆಂದೂ ಬೇಕಾಗಲಿಲ್ಲ. ಪ್ರತಿವರ್ಷ ಊರಿನಿಂದ ನಮ್ಮತ್ತೆಯವರ ಕಡ್ಡಿ ಮೆಣಸಿನಕಾಯಿಯ ಚೀಲ ಬರುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಈ ಪದಾರ್ಥಕ್ಕೆ ಬೇಕಾದದ್ದೂ ಅದೇ.

ಮಾವನವರು ಲಿಂಗೈಕ್ಯರಾದ ಮೇಲೆ, 1997ರಲ್ಲಿ, ಅತ್ತೆಯವರು ಭಟ್ಕಳಕ್ಕೆ ನಮ್ಮಲ್ಲಿಗೆ ಬಂದರು. ಮೊದಲ ವಾರವೇ ಪಾವು-ಭಾಜಿ ಮಾಡಿದೆ. ಭಾಜಿಯನ್ನು ಬಡಿಸಿಕೊಂಡರು, ಪಾವನ್ನು ಬೆರಳ ತುದಿಯಿಂದ ಸರಿಸಿದರು.

“ಕಳ್ಳು ಹಾಕಿ ನಾದಿದ್ದು ನನ್ನ ತಾಟಿಗೆ ಬ್ಯಾಡ, ಯವ್ವಾ.”

ಅವರ ಮಾತು ಆಧಾರವಿಲ್ಲದ್ದಲ್ಲ. ಅವರ ಸೋದರಮಾವ ಮೆಣಸಿನಕಾಯಿ ವ್ಯಾಪಾರಕ್ಕಾಗಿ ಗೋವೆಗೆ ಹೋಗಿಬರುತ್ತಿದ್ದವರು. ಪಾವು ಎಂಬ ಹೆಸರೂ ಪೋರ್ತುಗೀಜರದು, ಆ ರೊಟ್ಟಿಯೂ ಅವರದು. ಗೋವೆಯಲ್ಲಿ ಹಿಂದೆ ಹಿಟ್ಟನ್ನು ಹುಳಿ ಬರಿಸಲು ತೆಂಗಿನ ಕಳ್ಳನ್ನೇ ಹಾಕುತ್ತಿದ್ದದ್ದು ನಿಜ. ನಮ್ಮ ಯಜಮಾನರಿಗೆ ವಾದ ಮಾಡುವ ಚಪಲ. “ಅವ್ವಾ, ಬಟಾಟಿ, ಟೊಮೆಟೊ ಹೊರಗಿನಿಂದ ಬಂದವೇ. ನಿನ್ನ ಮೆಣಸಿನಕಾಯೂ ಪೋರ್ತುಗೀಜರ ಹಡಗಿನಾಗ ಅಮೆರಿಕದಿಂದ ಈ ದಂಡಿಗೇ ಬಂದು ಇಳಿದದ್ದು” ಎಂದರು.

“ಹಡಗದಾಗರ ಬರಲಿ, ಇಮಾನದಾಗರ ಬರಲಿ, ಅದನ್ನ ಮಣ್ಣಾಗ ಬೆಳೀತಾರ. ಕಳ್ಳಿನಾಗ ಬೆಳಿಯೂದಿಲ್ಲ.”

ವಾದ ಅಲ್ಲಿಗೇ ಮುಗಿಯಿತು.

1998ರ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಹತ್ತು ದಿನ ಮಲಗಿದರು. ಹಲ್ಲಿಲ್ಲದ ಬಾಯಿಗೆ ರೊಟ್ಟಿ ಆಗದು, ಗಂಜಿ ಕಂಡರೆ ವಾಕರಿಕೆ. ಮೂರನೆಯ ದಿನ ಹೊತ್ತು ಇಳಿದರೂ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಮಕ್ಕಳಿಗೆಂದು ತಂದಿಟ್ಟ ಪಾವು ಡಬ್ಬಿಯಲ್ಲಿತ್ತು. ಮೇಲಿನ ಕಂದು ಸಿಪ್ಪೆ ತೆಗೆದು, ಬಿಸಿ ಹಾಲು, ಸಕ್ಕರೆ, ಯಾಲಕ್ಕಿ ಹಾಕಿ ನೆನೆಸಿ ಒಯ್ದೆ. “ಏನಿದು?” ಎಂದರು. “ಗೋಧಿ ಹಿಟ್ಟಿಂದು, ಮನ್ಯಾಗ ಹಬೆಯೊಳಗ ಬೇಯಿಸೀನ್ರಿ” ಎಂದೆ.

ಅವರು ಕಷ್ಟಪಟ್ಟು ಎದ್ದು ಕುಳಿತು, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ವಿಭೂತಿ ಧರಿಸಿ, ನಡುಗುವ ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡರು. ಆ ಬಟ್ಟಲನ್ನು ಅರ್ಪಿಸಿ, ಕಣ್ಣಿಗೊತ್ತಿಕೊಂಡು, ಅನಂತರ ಉಂಡರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೀಗೆ ನಾಲ್ಕು ದಿನ. ಜ್ವರ ಬಿಟ್ಟಿತು, ಅವರು ಚೇತರಿಸಿಕೊಂಡರು. ಒಳ್ಳೆಯದನ್ನೇ ಮಾಡಿದೆನೆಂದು ನನಗೆ ನಾನೇ ಹೇಳಿಕೊಂಡದ್ದೆಷ್ಟು ಸಲವೋ! ಹೇಳಿಕೊಂಡಷ್ಟೂ ಆ ಬಟ್ಟಲು ಕಣ್ಣೆದುರಿಗೆ ಬರುತ್ತಿತ್ತು.

ಮುಂದಿನ ಮೇ ತಿಂಗಳಲ್ಲಿ ಡೊಂಬಿವಲಿಯಿಂದ ಮಗಳು ಬಂದಳು. ಕೊಂಕಣ ರೈಲು ಆರಂಭವಾಗಿ ಒಂದು ವರ್ಷವಾಗಿತ್ತು. ನೇರ ಭಟ್ಕಳದಲ್ಲೇ ಬಂದಿಳಿದಳು. ಅವಳ ಆಸೆಯಂತೆ ಪಾವು-ಭಾಜಿಗೆ ಒಲೆ ಹಚ್ಚಿದೆ. ಅತ್ತೆಯವರು ಪಕ್ಕದಲ್ಲಿ ಕುಳಿತು ಕುಮಟಾ ಈರುಳ್ಳಿ ಬಿಡಿಸುತ್ತಿದ್ದರು. “ಆಯಿ, ಈ ಸಲ ಒಂದು ತುಣುಕು ತಿನ್ನಲೇಬೇಕು ನೀನು” ಎಂದು ಮಗಳು ಹಟ ಹಿಡಿದಳು.

“ಇಷ್ಟು ವರ್ಷ ಮುಟ್ಟಿಲ್ಲವ್ವಾ. ಈಗ್ಯಾಕ?” ಎಂದು ಅತ್ತೆಯವರು ನಕ್ಕರು.

ಆ ನಗೆ ನನ್ನಿಂದ ಸಹಿಸಲಾಗಲಿಲ್ಲ. ಮಗಳನ್ನು ಕೊತ್ತಂಬರಿ ತರಲು ಕಳುಹಿಸಿ, ಹಿಂದಿನ ಮಳೆಗಾಲದ ಸಂಗತಿಯನ್ನು ತಲೆತಗ್ಗಿಸಿ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಈರುಳ್ಳಿಯನ್ನು ಬಿಡಿಸಿ ಮುಗಿಸಿ, ಕೈ ತೊಳೆದುಕೊಂಡು ಬಂದು ಕುಳಿತರು.

“ನಾ ಉಂಡದ್ದು ಹೋಗಲಿ ಬಿಡು. ಕೈಯಾಗ ಏನ ಹಿಡದು ಅರ್ಪಿಸಾಕತ್ತೇನಿ ಅನ್ನೂದು ನನಗ ಗೊತ್ತಿರಬೇಕಿತ್ತಲ್ಲಾ?”

ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ, ಇಂದಿಗೂ ಇಲ್ಲ. ಆ ರಾತ್ರಿ ಅವರು ಊಟಕ್ಕೆ ಬರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಶುಭ್ರವಾದ ಇಳಕಲ್ ಸೀರೆಯುಟ್ಟು ಹೊರಗೆ ಬಂದವರೇ, “ನಡಿ, ಆ ಭಟ್ಟಿ ತೋರಸು” ಎಂದರು.

ಪೇಟೆಯ ಆ ಭಟ್ಟಿ ಮುಸಲ್ಮಾನ ಮನೆತನದ್ದು. ಯಜಮಾನರು ವಯಸ್ಸಾದವರು, ಬಿಳಿ ಗಡ್ಡ. ಅತ್ತೆಯವರನ್ನು ಕಂಡು ಎದ್ದು ಸ್ಟೂಲು ಹಾಕಿಸಿದರು. ಅತ್ತೆಯವರು ಸುತ್ತು ಬಳಸದೆ, “ಇದರಾಗ ಕಳ್ಳು ಹಾಕ್ತೀರೇನ್ರಿ?” ಎಂದು ಕೇಳಿದಾಗ ನಾನು ಭೂಮಿಗಿಳಿದುಹೋದೆ. ಆ ಹಿರಿಯರು ಒಂದು ಕ್ಷಣ ಬೆರಗಾಗಿ, ಆಮೇಲೆ ಮೆಲ್ಲನೆ ನಕ್ಕರು.

“ಅಮ್ಮಾ, ಕಳ್ಳು ನಿಮಗೆ ಹೇಗೆ ಬೇಡವೋ ನಮಗೂ ಹಾಗೇ. ನಮ್ಮಲ್ಲಿ ಅದು ಹರಾಮು. ಈ ಹೊಸ್ತಿಲು ದಾಟಲಿಕ್ಕಿಲ್ಲ.”

ಇಷ್ಟು ಸರಳವಾದ ಸಂಗತಿ ಎರಡು ವರ್ಷ ಅಲ್ಲಿ ಪಾವು ಕೊಂಡ ನನಗೆ ಹೊಳೆದಿರಲಿಲ್ಲ! ಅವರು ಒಳಗಿನಿಂದ ಈಸ್ಟಿನ ಪೊಟ್ಟಣ ತರಿಸಿ ತೋರಿಸಿದರು. ಹಿಟ್ಟು ಉಬ್ಬುತ್ತಿದ್ದ ಮರದ ತೊಟ್ಟಿಯ ಮೇಲಿನ ಬಟ್ಟೆ ಸರಿಸಿದರು. ಅತ್ತೆಯವರು ಬಗ್ಗಿ ವಾಸನೆ ನೋಡಿ, “ದ್ವಾಸಿ ಹಿಟ್ಟಿನಂಗ ಐತಲ್ಲ” ಎಂದರು. ತತ್ತಿಯ ವಿಚಾರವನ್ನೂ ಬಿಡಲಿಲ್ಲ. ಪಾವಿಗೆ ಇಲ್ಲ, ಸಿಹಿ ಬನ್ನಿನ ಮೇಲೆ ಮಾತ್ರ ಸವರುತ್ತೇವೆಂದು ಅವರು ಉಳ್ಳದ್ದನ್ನು ಉಳ್ಳಹಾಗೆ ಹೇಳಿದರು. ಬನ್ನಿನ ತಟ್ಟೆಯನ್ನು ಅತ್ತೆಯವರ ಬಳಿಯಿಂದ ದೂರ ಇಡಿಸಿದರು ಕೂಡ. ಅತ್ತೆಯವರು ಸೆರಗಿನ ಗಂಟು ಬಿಚ್ಚಿ ತಮ್ಮದೇ ದುಡ್ಡು ಕೊಟ್ಟು ಒಂದು ಡಜನ್ ಪಾವು ಕೊಂಡರು.

ಮಧ್ಯಾಹ್ನ ಉಳಿದ ಭಾಜಿಯನ್ನು ಬಿಸಿಮಾಡಿದೆ. ಅವರು ತಾವೇ ಒಂದು ಪಾವನ್ನು ಮುರಿದು ತಾಟಿನಲ್ಲಿಟ್ಟುಕೊಂಡು, ನನ್ನನ್ನು ಹತ್ತಿರ ಕರೆದು ಕೂಡಿಸಿಕೊಂಡು, ಅರ್ಪಿಸಿ ಉಂಡರು. ಅರ್ಧ ತಿಂದು, “ರೊಟ್ಟಿ ರುಚಿ ಬ್ಯಾರೆನ ಬಿಡು” ಎಂದು ಮಿಕ್ಕರ್ಧವನ್ನು ಮೊಮ್ಮಗಳಿಗೆ ಕೊಟ್ಟರು. ಅವರಿಗೆ ಪಾವು ಕೊನೆಯವರೆಗೂ ಅಷ್ಟಾಗಿ ಹಿಡಿಸಲಿಲ್ಲ.

ಆ ವರ್ಷದ ದೀಪಾವಳಿಗೆ ಹಿರಿಯ ಮಗನ ಮನೆಗೆಂದು ಊರಿಗೆ ಹೋದವರು ಅಲ್ಲಿಯೇ ಉಳಿದರು. ಈಗ ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. 2000ದ ಮಾರ್ಚಿಯಲ್ಲಿ ಎಂದಿನಂತೆ ಮೆಣಸಿನಕಾಯಿಯ ಚೀಲ ಬಂತು. ಒಳಗೆ ನುಣ್ಣಗೆ ಕುಟ್ಟಿ ಜರಡಿ ಹಿಡಿದ ಖಾರದ ಪುಡಿಯ ಎರಡು ಅರಿವೆಯ ಗಂಟುಗಳಿದ್ದವು. ಜೊತೆಗೆ ಮೈದುನನ ಮಗನ ಕೈಯಿಂದ ಬರೆಸಿದ ಚೀಟಿ: ಒಂದು ನಿನ್ನ ಕೆಂಪು ಪಲ್ಯಕ್ಕೆ, ಇನ್ನೊಂದು ಭಟ್ಟಿಯ ಯಜಮಾನರ ಮನೆಗೆ.