ಹತ್ತೊಂಬತ್ತು ಬಿಲ್ಲೆಗಳ ಕತ್ತಿ

ಸಾಗರದಿಂದ ತಾಳಗುಪ್ಪಕ್ಕೆ ಹೋಗುವ ದಾರಿಯಲ್ಲಿ ನಮ್ಮೂರಿನ ತಿರುವಿಗೇ ಕುಲುಮೆ ಇತ್ತು. ಹಂಚಿನ ಮಾಡು, ಎರಡು ಕಡೆ ಮಣ್ಣಿನ ಗೋಡೆ, ಉಳಿದೆರಡು ಕಡೆ ಬಯಲು. ಎಪ್ಪತ್ತರ ದಶಕದ ಕೊನೆಯಲ್ಲಿ, ಶಾಲೆ ಬಿಟ್ಟ ಕೂಡಲೇ ನಾನು ಮನೆಗೆ ಹೋಗದೆ ಅಲ್ಲಿಗೆ ಹೋಗುತ್ತಿದ್ದೆ. ಆಚಾರ್ರು ತಿದಿ ಒತ್ತಲು ಬಿಡುತ್ತಿದ್ದರು. ಅಮಾವಾಸ್ಯೆಯ ದಿನ ಮಾತ್ರ ಬೆಂಕಿ ಇಲ್ಲ. ಅವತ್ತು ಆ ತಿರುವು ದಾಟುವಾಗ ಊರೇ ಸುಮ್ಮನಾದಂತೆ ಅನ್ನಿಸುತ್ತಿತ್ತು.

ಕತ್ತಿ ಇಲ್ಲದೆ ತೋಟಕ್ಕೆ ಇಳಿಯುವವರು ಆಗ ಯಾರೂ ಇರಲಿಲ್ಲ. ಸೊಂಟಕ್ಕೆ ಕತ್ತಿಕೊಕ್ಕೆ, ಅದರಲ್ಲಿ ಕತ್ತಿ. ಸೊಪ್ಪು ಕಡಿಯುವುದಕ್ಕೆ, ಬೇಲಿ ಸವರುವುದಕ್ಕೆ, ಬಾಳೆಗೊನೆ ಇಳಿಸುವುದಕ್ಕೆ ಎಲ್ಲಕ್ಕೂ ಅದೇ. ಅಡಿಕೆ ಕೊಯ್ಲು ಶುರುವಾದರೆ ಮನೆಮನೆಯ ಮೆಟ್ಟುಗತ್ತಿಗಳು ಹದಕ್ಕೆ ಬರುತ್ತಿದ್ದವು. ಕುಲುಮೆಯ ಮುಂದೆ ಸಾಲು ಕೂತವರ ಮಾತು ಕೇಳಿದರೆ ಊರಿನ ಸುದ್ದಿಯೆಲ್ಲ ಗೊತ್ತಾಗುತ್ತಿತ್ತು.

ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1923ರಿಂದಲೇ ಕಬ್ಬಿಣದ ಕಾರ್ಖಾನೆ ಇತ್ತು. ಕುಲುಮೆಯಂತೆ ಅದೂ ಮೊದಲು ಉರಿದದ್ದು ಕಾಡಿನ ಇದ್ದಿಲಿನಿಂದಲೇ. ಆದರೆ ಅಂಗಡಿಯಲ್ಲಿ ಸಿಗುವ ಹೊಸ ಸರಳಿನಿಂದ ಆಚಾರ್ರು ಕತ್ತಿ ಮಾಡುತ್ತಿರಲಿಲ್ಲ. 'ಅದು ಬಾಗಿಲ ಚಿಲಕಕ್ಕೆ ಆಯ್ತು ತಮಾ, ಬಾಯಿ ನಿಲ್ಲೋದಿಲ್ಲ' ಅನ್ನುತ್ತಿದ್ದರು. ಮೆದು ಕಬ್ಬಿಣದಲ್ಲಿ ಇಂಗಾಲ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಗಡಸಾಗದು. ಅವರಿಗೆ ಬೇಕಾದದ್ದು ಲಾರಿಯ ಕಮಾನು ಪಟ್ಟಿ. ವರ್ಷಗಟ್ಟಲೆ ಭಾರ ಹೊತ್ತು ಮುರಿದ ಪಟ್ಟಿ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತಿತ್ತು. ಚಿಕ್ಕ ಚಾಕುವಿಗೆ ಸವೆದ ಅರ ಸಾಕು, ಅದು ಇನ್ನೂ ಗಡಸು. ಅಡಿಗಲ್ಲು ಕೂಡ ಗುಜರಿಯದೇ, ಹಳೆಯ ರೈಲು ಹಳಿಯ ಮೊಳದುದ್ದದ ತುಂಡು.

ನನಗೊಂದು ಕೈಗತ್ತಿ ಮಾಡಿಕೊಡಿ ಎಂದು ನಾನು ಬೆನ್ನು ಹತ್ತಿದ್ದೆ. ಪಟ್ಟಿ ನೀನೇ ತಾ ಅಂದರು. ಒಂದು ಗ್ಯಾರೇಜಿನ ಹಿಂದೆ ಬಿದ್ದದ್ದನ್ನು ಕೇಳಿ ತಂದೆ. ಅವರು ಅದನ್ನು ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ತಟ್ಟಿದರು. ಸದ್ದು ಉಳಿಯಲಿಲ್ಲ, ಒಡೆದ ಗಡಿಗೆ ತಟ್ಟಿದ ಹಾಗೆ ಕೇಳಿತು. ಒಳಗೆ ಬಿರುಕಿದೆ ಅಂದರು. ನನ್ನ ಮುಖ ನೋಡಿ ಆದರೂ ಕೆಲಸಕ್ಕೆ ಕೂತರು. ಅರ್ಧ ದಿನದ ಬಡಿತ ಮುಗಿದು ನೀರಿಗೆ ಹಾಕುವಾಗ 'ಟಿಕ್' ಎಂದಿತು. ಬಾಯಿಯಿಂದ ಬೆನ್ನಿನವರೆಗೆ ಕೂದಲೆಳೆಯಷ್ಟು ಗೆರೆ. ಬೈಯಲಿಲ್ಲ, ತಮ್ಮ ಗುಡ್ಡೆಯಿಂದಲೇ ಇನ್ನೊಂದು ಪಟ್ಟಿ ತೆಗೆದು, ಮೊದಲು ಅದನ್ನು ನನ್ನ ಕೈಯಲ್ಲಿ ತಟ್ಟಿಸಿದರು. ಆ ನಾದ ಈಗಲೂ ಕಿವಿಯಲ್ಲಿದೆ.

ಎರಡನೇ ಸಲ ಹದ ಕೊಟ್ಟದ್ದು ಸಂಜೆಗತ್ತಲಲ್ಲಿ. ಕಾದ ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ಮೋಸ ಮಾಡುತ್ತದಂತೆ. ಕೆಂಡಗೆಂಪು ಕಿತ್ತಳೆಗೆ ತಿರುಗುವ ಹೊತ್ತಿಗೆ ಇಕ್ಕಳದಲ್ಲಿ ಹಿಡಿದು ಬಾಯಿಯನ್ನಷ್ಟೇ ನೀರಿಗೆ ತಾಗಿಸಿದರು. ಬೆನ್ನು ಇನ್ನೂ ಕೆಂಪಗಿತ್ತು. ಸರಕ್ಕನೆ ಹೊರತೆಗೆದು ಕಲ್ಲಿನ ಚೂರಿನಿಂದ ಬಾಯಿಯ ಮಸಿ ಉಜ್ಜಿದರು. ಬಿಳಿ ಉಕ್ಕು ಕಾಣಿಸಿತು. ಬೆನ್ನಿನ ಕಾವು ಬಾಯಿಗೆ ಹರಿಯುತ್ತಿದ್ದ ಹಾಗೆ ಆ ಬಿಳುಪಿನ ಮೇಲೆ ಬಣ್ಣ ನಡೆದುಬಂತು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಚಾಲಿ ಅಡಿಕೆಯ ಕಂದು, ಅದರ ಹಿಂದೆ ನೇರಳೆ. ನೇರಳೆ ಬಾಯಿಯ ಅಂಚು ಮುಟ್ಟಿತೋ ಇಲ್ಲವೋ, ಇಡೀ ಕತ್ತಿಯನ್ನು ಮುಳುಗಿಸಿದರು. ಹಳದಿಗೇ ನಿಲ್ಲಿಸಿದರೆ ಗಂಟುಮರಕ್ಕೆ ಬಿದ್ದಾಗ ಬಾಯಿ ಚಕ್ಕೆ ಏಳುತ್ತದೆ, ನೀಲಿಗೆ ಹೋದರೆ ಬೇಗ ಮೊಂಡಾಗುತ್ತದೆ. ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನ ಆ ಲೆಕ್ಕವನ್ನು ನನ್ನ ಕಣ್ಣು ಇಷ್ಟು ವರ್ಷವಾದರೂ ಕಲಿತಿಲ್ಲ.

ಹಿಡಿಯ ಕೆಲಸ ಮಾರನೇ ದಿನ. ಬೇರೆ ಕಡೆ ಮರದ ತುಂಡಿಗೆ ತೂತು ಕೊರೆದು, ಕರಗಿಸಿದ ಅರಗು ಸುರಿದು, ಕತ್ತಿಯ ಬಾಲ ತೂರಿಸಿಬಿಡುತ್ತಾರೆ. ನಮ್ಮ ಮಳೆಗೆ ಮರ ಉಬ್ಬಿ, ಬೇಸಿಗೆಗೆ ಕುಗ್ಗಿ, ಎಳೆ ಹಿಡಿದು ಉದ್ದಕ್ಕೆ ಸೀಳುತ್ತದೆ. ಆಚಾರ್ರು ಬಿಲ್ಲೆ ಪೋಣಿಸುತ್ತಿದ್ದರು. ಒಂದು ಬಿಲ್ಲೆ ಸೀಳಿದರೆ ಸೀಳು ಅಲ್ಲಿಗೇ ನಿಲ್ಲುತ್ತದೆ, ಅದೊಂದನ್ನು ಬದಲಿಸಿದರಾಯಿತು. ಬಿಲ್ಲೆಗೆ ಬೇಕಾದದ್ದೆಲ್ಲ ಮನೆಮನೆಯ ಮೂಲೆಯದು: ಅಕ್ಕಿ ಗಿರಣಿಯ ಹರಿದ ಚರ್ಮದ ಬೆಲ್ಟು, ಎಮ್ಮೆಯ ಕೊಂಬು, ಒಡೆದ ಕರೆಂಟ್ ಸ್ವಿಚ್ಚಿನ ಬೇಕಲೈಟು, ಬಗನಿ ಮರದ ಕರಿ ಚಕ್ಕೆ, ತೂತುಬಿದ್ದ ಹಿತ್ತಾಳೆ ಪಾತ್ರೆ. ಜಿಂಕೆ ಕೊಂಬನ್ನು ಯಾರಾದರೂ ತಂದರೆ ವಾಪಸ್ಸು ಕಳಿಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಸುದ್ದಿ ಕುಲುಮೆಗೂ ಬಂದಿತ್ತು.

ನನ್ನ ಹಿಡಿಗೆ ಹತ್ತೊಂಬತ್ತು ಬಿಲ್ಲೆ ಬಿದ್ದವು. ನಡುವಿನ ತೂತನ್ನು ದುಂಡಗಲ್ಲ, ಚೌಕ ಹೊಡೆದರು, ಬಾಲದ ಮೇಲೆ ತಿರುಗಬಾರದಲ್ಲ. ಒಂದೊಂದನ್ನೂ ಕೊಳವೆಯಿಂದ ಬಡಿದು ಬಿಗಿ ಮಾಡಿ, ಕೊನೆಗೆ ದಪ್ಪ ಹಿತ್ತಾಳೆಯ ಮುಚ್ಚಳ ಹಾಕಿ, ಹೊರಬಂದ ಬಾಲದ ತುದಿಯನ್ನು ಮೊಳೆತಲೆಯಂತೆ ಚಪ್ಪಟೆ ಬಡಿದರು. ಆಗ ಅದು ಮೂಲೆಮೂಲೆಯ ಒರಟು ಕಂಬ. ಅರ ಹಿಡಿದು ಉಜ್ಜುತ್ತಾ ಹೋದಂತೆ ಕಂದು, ಕಪ್ಪು, ಹೊನ್ನಿನ ಪಟ್ಟೆಗಳು ಮೇಲೆದ್ದವು. ನಡುನಡುವೆ ನನ್ನ ಅಂಗೈ ಹಿಡಿದು ಅಳತೆ ನೋಡುತ್ತಿದ್ದರು. ಮಳೆಗಾಲದಲ್ಲಿ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ, ಹರಳೆಣ್ಣೆ ಮರೆಯಬೇಡ ಅಂದರು.

ವರ್ಷ ಕಳೆದಂತೆ ಕುಲುಮೆಯಿಂದ ಮೊದಲು ಹೋದದ್ದು ತಿದಿ, ಅದರ ಜಾಗಕ್ಕೆ ಕೈಯಿಂದ ತಿರುಗಿಸುವ ಪಂಕ ಬಂತು. ಇದ್ದಿಲು ಸಿಗುವುದು ಕಷ್ಟವಾಯಿತು. ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ಮೆಟ್ಟುಗತ್ತಿಗಳು ಅಟ್ಟ ಸೇರಿದವು, ಕುಲುಮೆಯ ಮುಂದಿನ ಸಾಲು ಕರಗಿತು. ಬೇಲಿಗೆ ಕಳೆ ಯಂತ್ರ, ಅಡಿಕೆಗೊನೆ ಇಳಿಸಲು ಕಾರ್ಬನ್ ಫೈಬರ್ ದೋಟಿ. ಇವು ಬಂದದ್ದಕ್ಕೆ ನನಗೆ ಬೇಸರವಿಲ್ಲ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನೂ ನೋಡಿದ್ದೇನೆ. ನನ್ನ ಸಂಕಟ ಬೇರೆ. ಈಗ ಪೇಟೆಯಿಂದ ತರುವ ಕತ್ತಿಯ ಪ್ಲಾಸ್ಟಿಕ್ ಹಿಡಿ ಒಡೆದರೆ, ಚೆನ್ನಾಗಿರುವ ಬಾಯಿಯೂ ಅದರ ಜೊತೆಗೇ ಗುಜರಿಗೆ ಹೋಗುತ್ತದೆ. ಹಿಂದೆ ಅದೇ ಗುಜರಿಯಿಂದ ಕತ್ತಿ ಹುಟ್ಟಿ ಬರುತ್ತಿತ್ತು.

ತಾಳಗುಪ್ಪದ ಮೀಟರ್‌ಗೇಜ್ ಹಳಿ ಹೋಗಿ 2011ರಲ್ಲಿ ಬ್ರಾಡ್‌ಗೇಜ್ ರೈಲು ಬರುವ ಹೊತ್ತಿಗೆ ಆಚಾರ್ರು ಇರಲಿಲ್ಲ. ಅದೇ ಜಾಗದಲ್ಲಿ ಅವರ ಮೊಮ್ಮಗನ ವೆಲ್ಡಿಂಗ್ ಶಾಪು. ಗೇಟು, ಕಿಟಕಿಯ ಸರಳು ಅವನ ಕೆಲಸ. ಹಳಿಯ ತುಂಡು ಮಾತ್ರ ಇನ್ನೂ ಅಲ್ಲೇ ಇದೆ.

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ಹಿಡಿಯ ಎರಡು ಚರ್ಮದ ಬಿಲ್ಲೆ ಪುಡಿಯಾಗಿ ಎಲ್ಲ ಸಡಿಲಾಯಿತು. ಅವನ ಹತ್ತಿರ ಒಯ್ದೆ. 'ಅಜ್ಜ ಮಾಡಿದ್ದಾ ಸಾರ್?' ಎಂದು ಕೇಳಿ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡ. ಆಮೇಲೆ ಗ್ರೈಂಡರಿನಿಂದ ಮೊಳೆತಲೆ ಸವೆಸಿದ. ಬಿಲ್ಲೆಗಳೆಲ್ಲ ಒಮ್ಮೆಗೇ ಅವನ ಅಂಗೈಗೆ ಸುರಿದವು. ಕ್ರಮ ತಪ್ಪಿತು.

ಹಳಿಯ ಮೇಲೆ ಹರವಿಕೊಂಡು ಇಬ್ಬರೂ ಜೋಡಿಸುತ್ತಾ ಕೂತೆವು. ಚರ್ಮ, ಹಿತ್ತಾಳೆ, ಚರ್ಮ, ಕೊಂಬು. ಕೈ ನೆನಪಿಟ್ಟದ್ದು ಕಣ್ಣಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಮುಷ್ಟಿ ಹಿಡಿದು ನೋಡಿ ಹೇಳಬೇಕಾಯಿತು. ಕೊನೆಗೆ ಹಿತ್ತಾಳೆಯ ತೆಳ್ಳನೆಯ ಬಿಲ್ಲೆಯೊಂದು ಉಳಿಯಿತು. ಅವನು ಅದನ್ನು ತೊಡೆಗೆ ಉಜ್ಜಿ ಬೆಳಕಿಗೆ ಹಿಡಿದ. ಚುಕ್ಕೆ ಹೊಡೆದು ಬರೆದ ಅಕ್ಷರ, ಒಂದು 'ತಿ', ಪಕ್ಕದಲ್ಲಿ ಅರ್ಧ ಕತ್ತರಿಸಿಹೋದ ಇನ್ನೊಂದು. ನನ್ನ ಅಜ್ಜಿಯ ತಂಬಿಗೆಯ ಮೇಲೆ ಹಾಕಿಸಿದ್ದ ಹೆಸರು. ನಲವತ್ತು ವರ್ಷಕ್ಕೂ ಮೇಲೆ ಅದು ನನ್ನ ಮುಷ್ಟಿಯೊಳಗೇ ಇತ್ತು.

'ಅಕ್ಷರ ಯಾವ ಕಡೆಗೆ ಬರ್ಲಿ ಸಾರ್?' ಎಂದ. ಯಾವ ಕಡೆಗೆ ಇಟ್ಟರೂ ಒಳಗೆ ಮುಚ್ಚಿಹೋಗುವಂಥದ್ದೇ. ಬಾಯಿಯ ಕಡೆಗೆ ಇರಲಿ ಅಂದೆ. ಅವನು ಹಾಗೆಯೇ ಪೋಣಿಸಿ, ಹೊಸ ಚರ್ಮದ ಬಿಲ್ಲೆಯನ್ನು ಅದರ ಮೇಲಿಟ್ಟು ಬಡಿದ.