ಘಾಟಿಯ ದಾರಿಯಲ್ಲಿ ಬೈಸಿಕಲ್ ಸಂಚಾರ

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಬೈಸಿಕಲ್ಲಿನಲ್ಲಿ ಹೋಗುವವರು ಅರುಣೋದಯಕ್ಕೆ ಮುಂಚೆಯೇ ಹೊರಡುವುದು ಲೇಸು. ನಾವು ಹಾಗೆಯೇ ಹೊರಟೆವು. ರಾಗಿಯ ಹೊಲಗಳು ಹಿಂದಾದ ಮೇಲೆ ಮಾಕಳಿದುರ್ಗದ ಕಲ್ಲುಬೆಟ್ಟವು ಕಣ್ಣಿಗೆ ಬಿದ್ದಿತು; ಏರಿನಲ್ಲಿ ಇಳಿದು, ಗಾಡಿಯನ್ನು ತಳ್ಳಿಕೊಂಡು ನಡೆದೆವು. ಘಾಟಿಯಲ್ಲಿ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯನು ಪೂರ್ವಾಭಿಮುಖನಾಗಿಯೂ ನರಸಿಂಹನು ಪಶ್ಚಿಮಾಭಿಮುಖನಾಗಿಯೂ ಇರುವರು. ನರಸಿಂಹನ ದರ್ಶನವು ಹಿಂಬದಿಯ ಕನ್ನಡಿಯಲ್ಲಿ ದೊರೆಯುವುದು.

ಮರಳುವಾಗ ಅರ್ಕಾವತಿಯ ಪಾತ್ರವನ್ನು ನೋಡಿ ಮನಸ್ಸು ಕುಂದಿತು. ನಂದಿಬೆಟ್ಟದಲ್ಲಿ ಹುಟ್ಟಿ, ಸಂಗಮದಲ್ಲಿ ಕಾವೇರಿಯನ್ನು ಕೂಡುವ ಈ ನದಿಯ ನೀರನ್ನೇ 1890ರ ದಶಕದಲ್ಲಿ ಹೆಸರಘಟ್ಟದಲ್ಲಿ ತಡೆದು ಬೆಂಗಳೂರಿಗೆ ಕುಡಿಯಲು ಒದಗಿಸಿದ್ದರು. ನಾವು ಕಂಡಂದು ಪಾತ್ರದಲ್ಲಿ ಹರಿವಿರಲಿಲ್ಲ. ಮೋಟಾರಿನಲ್ಲಿ ಓಡುವವರ ಕಣ್ಣಿಗೆ ಇದು ಬೀಳದು. ವಾಚಕರು ಮಕ್ಕಳೊಡನೆ ಮೆಲ್ಲನೆ ಬಂದು ನೋಡಲಿ; ಬರಿದಾದ ನದಿಯನ್ನು ಕಂಡವರು ಮನೆಯ ಕೊಡದ ನೀರನ್ನು ಚೆಲ್ಲರು.